ನಾ ಸುಳ್ಳು ಓದಿದ ಚೀಟಿ

ಇವತ್ತ ಮುಂಜಾನೆ ನಮ್ಮ ಸೊಸಿ ಒಲಿ ಕೆಂಡದಾಗ ಉಳ್ಳಾಗಡ್ಡಿ ಸುಡಲಿಕ್ಕೆ ಹತ್ತಿದ್ಲು. ಆಕಿ ಬೆರಳಿಗೆ ಒಂದು ಕುರು ಆಗೇದ. ಸುಟ್ಟ ಉಳ್ಳಾಗಡ್ಡಿಗೆ ಚೂರು ಅರಿಷಿಣ ಹಚ್ಚಿ ಬಿಸಿ ಬಿಸಿ ಕಟ್ಟಿದ್ರ ಕುರು ಹಣ್ಣಾಗಿ ಒಡೀತದ ಅಂತ ಆಕಿಗೆ ಯಾರೋ ಹೇಳ್ಯಾರ. ನಮ್ಮ ಬೈಲಹೊಂಗಲದಾಗ ಈಗ ದವಾಖಾನಿ ಅದ, ಸೂಜಿ ಅದ, ಬಣ್ಣಬಣ್ಣದ ಗುಳಿಗಿ ಅವ. ಆದ್ರೂ ಕುರುವಿಗೆ ಉಳ್ಳಾಗಡ್ಡೀನ ಆಗಬೇಕು. ನಾ ಪಡಸಾಲ್ಯಾಗ ಪೇಪರ ಹಿಡಕೊಂಡು ಕೂತಿದ್ದೆ. ಓದಲಿಕ್ಕೆ ಹತ್ತಿದ್ದೆ ಅಂತ ಹೇಳೂದಿಲ್ಲ, ಹಿಡಕೊಂಡು ಕೂತಿದ್ದೆ ಅಷ್ಟ. ಆ ಸುಟ್ಟ ವಾಸನಿ ಮೂಗಿಗೆ ಬಡೀತು ನೋಡ್ರಿ, ಪೇಪರ ಕೈಯಾಗ ಉಳೀತು, ನಾ ಮಾತ್ರ ನಲವತ್ತು ವರ್ಷ ಹಿಂದಕ್ಕ ಹೋಗಿ ಸಂಗೊಳ್ಳಿ ಸಾಲಿ ಕಟ್ಟಿ ಮ್ಯಾಲ ಕೂತುಬಿಟ್ಟೆ. ನನ್ನ ಎದುರಿಗೆ ಒಂದು ಕಾಲು. ಅದರ ಹರಡಿಗೆ, ಪಾದದ ಕೀಲಿಗೆ, ಇದ ಸುಟ್ಟ ಉಳ್ಳಾಗಡ್ಡಿ ಕಟ್ಟಿದ್ರು.

ಆ ಕಾಲು ಫಕೀರಪ್ಪನದು. ಆ ಕಾಲಿನ ಸಲುವಾಗಿ ನಾ ಮಾಡಿದ ಒಂದು ಕೆಲಸ ಇಷ್ಟು ವರ್ಷ ಆದ್ರೂ ನನ್ನ ಹೊಟ್ಯಾಗ ಅರಗಿಲ್ಲ. ಇವತ್ತ ನಿಮ್ಮ ಮುಂದ ಹೇಳಿಬಿಡತೇನಿ. ನೀವೇನು ನನ್ನ ವರ್ಗಾ ಮಾಡಿಸೂದಿಲ್ಲ, ಮಾಡಿಸಿದ್ರೂ ಈಗ ನನಗ ಪೆನ್‌ಶನ್.

ಮೊದಲ ನನ್ನ ಒಂದು ಚಟ ಹೇಳಬೇಕು. ಕೆಲವ್ರಿಗೆ ತಂಬಾಕದ ಚಟ, ಕೆಲವ್ರಿಗೆ ಇಸ್ಪೀಟಿಂದು. ನನಗ ಉಪದೇಶದ ಚಟ. ಮೂವತ್ತು ವರ್ಷ ಮಾಸ್ತರಕಿ ಮಾಡಿದಾಂವಗ ಇದು ಬರೂದ. ಯಾರರ ಬಂದು ನಮ್ಮ ಕಟ್ಟಿ ಮ್ಯಾಲ ಸುಮ್ಮನ ದಣಿವು ಆರಿಸಿಕೊಳ್ಳಲಿಕ್ಕೆ ಕೂತ್ರೂ ಸಾಕು, ಅವರ ಮಗಳ ಮದಿವಿ, ಎತ್ತಿನ ಹಲ್ಲು, ಹೊಲದ ಬದುವು, ಎಲ್ಲಾದಕ್ಕೂ ನನ್ನ ಕಡೆ ಒಂದು ಸಲಹಾ ತಯಾರ ಇರತಿತ್ತು. ನನ್ನ ಹೆಂಡತಿ, ಪಾಪ, ಆಕಿ ಹೋಗಿ ಆರು ವರ್ಷ ಆತು, ಒಳಗಿಂದ ಅಂತಿದ್ಲು, "ನಿಮ್ಮ ಮಾತು ಕೇಳಿ ನಮ್ಮ ಎಮ್ಮಿ ಸೈತ ಹಾಲು ಕೊಡೂದು ಬಿಟ್ಟೀತು, ಸ್ವಲ್ಪ ಸುಮ್ಮನಿರ್ರಿ." ಸುಮ್ಮನಿರೂದನ್ನ ಕಲೀಲಿಕ್ಕೆ ನನಗ ಭಾಳ ದಿವಸ ಹಿಡೀತು.

ಅದು ಮೊದಲನೇ ಜರ್ಮನ್ ಲಡಾಯಿ ಕಾಲ. ಸಂಗೊಳ್ಳಿಗೆ ನಾನೊಬ್ಬನ ಮಾಸ್ತರ, ಇಂಗ್ಲಿಷ್ ಓದಲಿಕ್ಕೆ ಬರೂ ಮನಷ್ಯಾನೂ ನಾನೊಬ್ಬನ. ಒಂದು ದಿವಸ ಮಾಮಲೇದಾರ ಸಾಹೇಬ್ರು ಸುತ್ತಲಿನ ಸಾಲಿ ಮಾಸ್ತರಗೋಳನ್ನೆಲ್ಲಾ ಕರಸಿದ್ರು. ಫೌಜಿಗೆ ಮಂದಿ ಬೇಕು, ಊರೂರಾಗ ಮಂದಿ ಕೂಡಿಸಿ ಭಾಷಣ ಮಾಡ್ರಿ, ಹೆಸರು ಬರಸ್ರಿ ಅಂದ್ರು. ಹೆಸರು ಬರಲಿಲ್ಲಂದ್ರ ಏನಾಗತದ ಅಂತ ಅವ್ರು ಹೇಳಲಿಲ್ಲ, ನಾವೂ ಕೇಳಲಿಲ್ಲ. ಎದ್ದು ಹೊಂಟಾಗ ನನ್ನೊಬ್ಬನ್ನ ನಿಂದ್ರಿಸಿ, "ಮಾಸ್ತರ, ನಿಮ್ಮದು ಸಂಗೊಳ್ಳಿ. ಶೌರ್ಯದ ಮಾತಾಡ್ರಿ, ಆದ್ರ ಕಿತ್ತೂರಿನ ಸುದ್ದಿ ಮಾತ್ರ ತಗೀಬ್ಯಾಡ್ರಿ" ಅಂದ್ರು.

ಅಯ್ಯ ನಮ್ಮಪ್ಪಾ! ಮೂರು ದಿವಸ ಕೂತು ಭಾಷಣ ಬರದೆ, ಹರದೆ. ನಮ್ಮ ಸೀಮ್ಯಾಗ ಶೌರ್ಯ ಅಂದ್ರ ಕೂಸಿಗೂ ಗೊತ್ತಿರೂ ಕತಿ ಒಂದ, ಅದು ಇಂಗ್ರೇಜರ ಮ್ಯಾಲ ಕತ್ತಿ ಹಿಡದದ್ದು. ಅದನ್ನ ಬಿಟ್ಟು ಇಂಗ್ರೇಜರ ಪರವಾಗಿ ಕತ್ತಿ ಹಿಡಕೋರಿ ಅಂತ, ಅದೂ ಸಂಗೊಳ್ಳ್ಯಾಗ ನಿಂತು ಹ್ಯಾಂಗ ಹೇಳಬೇಕ್ರಿ? ಕಡೀಕ ಸಾಲಿ ಮುಂದಿನ ಬಯಲಾಗ ಮಂದಿ ಕೂಡಿದ್ರು. ನಾ ರುಮಾಲು ಸುತ್ತಿಕೊಂಡು ನಿಂತೆ. ಮಲಪ್ರಭಾ ನದಿ, ಮೋಡ, ಧೈರ್ಯ, ಗಂಡಸುತನ ಅಂತ ಏನೇನೋ ಹೇಳಿದೆ. ನಡುವ ಒಬ್ಬ ಮುದುಕ ಎದ್ದು ಭಾಳ ಮರ್ಯಾದಿಯಿಂದ ಕೇಳಿದ, "ಮಾಸ್ತರ್ರ, ಇದು ಇಂಗ್ರೇಜರ ಕೂಡ ಹೋಗಿ ಬಡದಾಡೂದೇನ್ರಿ, ಇಂಗ್ರೇಜರ ಕೂಡೇನ ಬಡದಾಡೂದೇನ್ರಿ? ಎರಡನೇದ್ದಾದ್ರ ನಾನೂ ಬರತೇನಿ." ಎಲ್ಲಾರೂ ಬಿದ್ದು ಬಿದ್ದು ನಕ್ಕರು. ಹೆಣ್ಣಮಕ್ಕಳೂ ಸೆರಗ ಬಾಯಿಗೆ ಹಿಡಕೊಂಡು ನಕ್ಕರು. ನನ್ನ ಮಾರಿ ಬೆವತು ರುಮಾಲು ಕಿವಿ ಮ್ಯಾಲ ಇಳೀತು. ಮಾಮಲೇದಾರರ ಕಾರಕೂನ ಮಗ್ಗಲದಾಗ ಖಾಲಿ ಕಾಗದ ಹಿಡಕೊಂಡು ನನ್ನ ನೋಡಲಿಕ್ಕೆ ಹತ್ತಿದ್ದ.

ಆವಾಗ ಹಿಂದಿನ ಸಾಲಿನಿಂದ ಫಕೀರಪ್ಪ ಎದ್ದು ನಿಂತ. "ನನ್ನ ಹೆಸರ ಬರಕೋರಿ" ಅಂದ.

ಫಕೀರಪ್ಪ ನನ್ನ ಕಡೆ ನಾಲ್ಕನೇ ಇಯತ್ತೆ ತನಕಾ ಕಲತ ಹುಡುಗ. ಆಗ ಇಪ್ಪತ್ತು ವರ್ಷ ಇದ್ದೀತು. ಗರಡಿ ಮನ್ಯಾಗ ಸಾಮು ಮಾಡಿ ಮೈ ಹುರಿಗಟ್ಟಿತ್ತು, ಮಾತು ಮಾತ್ರ ಮೆತ್ತಗ. ತಂದಿ ಇರಲಿಲ್ಲ. ತಾಯಿ ನೀಲವ್ವಗ ಅವನೊಬ್ಬನ ಮಗ. ಅವ ಎದ್ದು ನಿಂತ ಮ್ಯಾಲ ನಗಿ ನಿಂತುಬಿಟ್ತು. ಅವನ ಮಗ್ಗಲದಾಗ ಕೂತ ಗೆಳೆಯಾ ಬಾಳಪ್ಪ ಅವನ ಮಾರಿ ನೋಡಿದ, ನನ್ನ ಮಾರಿ ನೋಡಿದ, ಧೋತರಕ್ಕ ಹತ್ತಿದ ಧೂಳ ಜಾಡಿಸಿಕೊಂಡು ತಾನೂ ಎದ್ದ. ಎರಡು ಹೆಸರು ಬಿದ್ವು. ಕಾರಕೂನ ಖುಷ್ ಆದ. ನಾ ಮನಿಗೆ ಹೋಗಿ ಹೆಂಡತಿ ಮುಂದ, "ನೋಡಿದಿ ಇಲ್ಲೋ ನನ್ನ ಭಾಷಣ!" ಅಂದೆ. ಆಕಿ ಚಪಾತಿ ಲಟ್ಟಿಸೂದು ನಿಂದ್ರಸಲಿಲ್ಲ.

ಫೌಜಿನ ತಪಾಸಣಿಗೆ ಬೆಳಗಾವಿಗೆ ಹೋಗೂದು ಎಂಟು ದಿವಸ ಇದ್ದಾಗ ಫಕೀರಪ್ಪನ ಎಡಗಾಲ ಹರಡಿನ ಮ್ಯಾಲ ಒಂದು ಬೊಬ್ಬಿ ಎದ್ದು ಒಡೀತು, ಒಡದದ್ದರೊಳಗಿಂದ ಬಿಳಿ ದಾರದ ತುದಿ ಹೊರಗ ಬಂತು. ನಾರು! ಇವತ್ತಿನವ್ರು ನೋಡಿರಲಿಕ್ಕಿಲ್ಲ, ಅದಕ್ಕ ಹೇಳತೇನಿ. ಪಾವಟಿಗಿ ಇಳದು ನೀರು ತುಂಬೂ ಬಾವಿ ನೀರು ಕುಡದ್ರ ಹೊಟ್ಟಿಗೆ ಒಂದು ಹುಳಾ ಹೋಗತದ. ಅದು ಮೈಯೊಳಗ ಒಂದು ವರ್ಷ ಬೆಳದು ಮೊಳ ಉದ್ದ ಆಗಿ, ಕಾಲಾಗ ಬಾಯಿ ಮಾಡಿಕೊಂಡು ಹೊರಗ ಬರತದ. ಆ ತುದಿಯನ್ನ ಒಂದು ಸಣ್ಣ ಕಡ್ಡಿಗೆ ಸುತ್ತಿ, ದಿವಸಾ ಬೆರಳಷ್ಟು ಬೆರಳಷ್ಟು ಸುತ್ತಕೋತ ಹೋಗಬೇಕು. ಅವಸರ ಮಾಡಿ ಜಗ್ಗಿದ್ರ ಹರೀತದ. ಹರದ್ರ ಕಾಲು ಬಾತು ಕೀವು ತುಂಬಿ ಮನಷ್ಯಾ ತಿಂಗಳಾನಗಟ್ಲೆ ಹಾಸಿಗಿ ಹಿಡೀತಾನ. ಸಂಗೊಳ್ಳ್ಯಾಗ ನಾವು ನದಿ ನೀರು ಕುಡಿಯೂ ಮಂದಿ, ನಮ್ಮಲ್ಲಿ ನಾರು ಅಪರೂಪ. ಫಕೀರಪ್ಪ ಮಾತ್ರ ಹಿಂದಿನ ವರ್ಷ ರಾಮದುರ್ಗದ ಕಡೆ ಸಾಲಹಳ್ಳಿಗೆ ಸೋದರಮಾವನ ಮನಿಗೆ ಸುಗ್ಗಿ ಕೆಲಸಕ್ಕ ಹೋಗಿ ಎರಡು ತಿಂಗಳು ಇದ್ದು ಬಂದಿದ್ದ. ಮಾವ ಮಲ್ಲಪ್ಪನ ಮಗಳನ್ನ ಇವನಿಗ ಕೊಡೂದು ಅಂತ ಮೊದಲಿಂದಾನೂ ಮಾತು ಆಗಿತ್ತು.

ಕಾಲಿಗೆ ಕಡ್ಡಿ, ಮ್ಯಾಲ ಸುಟ್ಟ ಉಳ್ಳಾಗಡ್ಡಿ ಕಟ್ಟಿಕೊಂಡು ನನ್ನ ಕಡೆ ಬಂದ. "ಏನ ಮಾಡ್ಲಿರಿ ಮಾಸ್ತರ್ರ?" ಅಂದ. ನಾ ಸಲಹಾ ಕೊಟ್ಟೆ. "ಧೋತರ ಕೆಳಗ ಇಳಿಬಿಟ್ಟು ನಿಂದ್ರು. ಡಾಕ್ಟರು ಎದಿ ನೋಡತಾರ, ಹಲ್ಲು ನೋಡತಾರ, ಕಾಲು ಯಾಕ ನೋಡತಾರ?" ಇಷ್ಟು ಶಾಣ್ಯಾ ಮನಷ್ಯಾ ನಾ! ಊರ ಮಂದಿ ಇಬ್ಬರಿಗೂ ಆರತಿ ಮಾಡಿ ಕುಂಕುಮಾ ಹಚ್ಚಿ ಕಳಿಸಿದ್ರು. ನಾಲ್ಕನೇ ದಿವಸ ಫಕೀರಪ್ಪ ಒಬ್ಬನ ತಿರುಗಿ ಬಂದ. ಸೀದಾ ಸಾಲಿಗೆ ಬಂದು ಕಟ್ಟಿ ಮ್ಯಾಲ ಕೂತು, "ಅಲ್ಲೆ ಧೋತರಾನ ಬಿಚ್ಚಿಸಿ ನಿಂದ್ರಿಸಿದ್ರಿ, ಮಾಸ್ತರ್ರ" ಅಂದ. ಬಾಳಪ್ಪ ಪಾಸಾಗಿ ಅಲ್ಲೇ ಉಳದಿದ್ದ. ಇವನ ಕೈಗೆ ಒಂದು ಇಂಗ್ಲಿಷ್ ಚೀಟಿ ಕೊಟ್ಟು ಹೋಗು ಅಂದಿದ್ರಂತ. ಏನು ಬರದಾರ ಅಂತ ಅವನಿಗೆ ಗೊತ್ತಿಲ್ಲ. ಆ ಚೀಟಿ ನನ್ನ ಕೈಗೆ ಕೊಟ್ಟ.

ಓದಿದೆ. ಎಡಗಾಲಿಗೆ ನಾರು, ಸದ್ಯಕ್ಕ ತಗೊಳ್ಳಲಿಕ್ಕೆ ಬರೂದಿಲ್ಲ, ಎರಡು ತಿಂಗಳ ಮ್ಯಾಲ ಮತ್ತ ಬರಬೇಕು. ಇಷ್ಟ ಇತ್ತು. ಬಾಯಿ ತಗದು ಹೇಳಬೇಕು, ಅಷ್ಟರಾಗ ತಲಿ ಎತ್ತಿದೆ. ಮಗ ಬಂದ ಸುದ್ದಿ ಕೇಳಿ ನೀಲವ್ವ ಓಡಿ ಬಂದು ಅವನ ಹಿಂದ ನಿಂತಿದ್ಲು. ಚೀಟ್ಯಾಗ ಏನದ ಅಂತ ಆಕಿಗೆ ಹ್ಯಾಂಗ ಗೊತ್ತಿರಬೇಕು? ಆಕಿ ಸುಮ್ಮನ ಎರಡೂ ಕೈ ಜೋಡಿಸಿದ್ಲು. ಆ ಕೈಗಳನ್ನ ನೋಡಿ ನನ್ನ ನಾಲಗಿ ತಂತಾನ ತಿರುಗೀತು.

"ಫಕೀರಪ್ಪಾ, ನಿನ್ನ ಎದ್ಯಾಗ ದೋಷ ಅದ ಅಂತ ಬರದಾರ. ಬಡಿತ ಸರಿ ಇಲ್ಲಂತ. ಫೌಜಿಗೆ ನೀ ಯಾವತ್ತೂ ಬರೂಹಂಗಿಲ್ಲಂತ."

ಅವ ಎದಿ ಮುಟ್ಟಿಕೊಂಡು ನೋಡಿದ. "ಎದಿಗೆ ನಳಗಿ ಇಟ್ಟು ಕೇಳಿದ್ದು ಖರೇರಿ" ಅಂದ. ನಾ ಚೀಟಿ ಮಡಚಿ, ನನ್ನ ಕಡೆ ಇರಲಿ ಅಂತ ಪೆಟಿಗ್ಯಾಗ ಇಟ್ಟೆ. ಆಮ್ಯಾಲ ಅರ್ಧ ತಾಸು ಉಪದೇಶ ಮಾಡಿದೆ. ಮನಷ್ಯಾನ ಮರ್ಯಾದಿ ಫೌಜಿನಾಗ ಅಷ್ಟ ಇಲ್ಲ, ಹೊಲದಾಗೂ ಅದ, ನಾಚಿಕಿ ಪಡಬ್ಯಾಡ, ತಾಯಿನ್ನ ನೋಡಿಕೋ, ಮದಿವಿ ಮಾಡಿಕೋ. ಎಷ್ಟು ಛಂದ ಮಾತಾಡಿದೆ ಅಂತೀರಿ! ಸುಳ್ಳಿನ ಮ್ಯಾಲ ನಿಂತು ಮಾತಾಡಿದ್ದಕ್ಕ ಇರಬೇಕು, ಒಂದು ಮಾತೂ ತಡೀಲಿಲ್ಲ. ನೀಲವ್ವ ನನ್ನ ಕಾಲಿಗೆ ಬಿದ್ದು ಹೋದ್ಲು. ಹೆಂಡತಿ ಮುಂದ ಖರೇ ಹೇಳಿದೆ. ಆಕಿ, "ಉಳಿಸೇನಂತ ತಿಳದೀರಿ. ಅವನ್ನ ಒಂದು ಮಾತು ಕೇಳಬೇಕಿತ್ತು" ಅಂದ್ಲು. ನನಗ ಸಿಟ್ಟು ಬಂತು. ಹೆಣ್ಣಮಕ್ಕಳಿಗೆ ಏನು ತಿಳೀತದ ಅಂದೆ.

ನಾರು ಹದಿನೈದು ಇಪ್ಪತ್ತು ದಿವಸದಾಗ ಪೂರಾ ಹೊರಗ ಬಂತು. ಕಾಲು ಮಾದೀತು. ಎದಿ ಮಾತ್ರ ಮಾಯಲಿಲ್ಲ. ಫಕೀರಪ್ಪ ಗರಡಿಗೆ ಹೋಗೂದು ಬಿಟ್ಟ. ಚೀಲ ಎತ್ತೂದು ಬಿಟ್ಟ. ನದೀಗೆ ಹೋಗಿ ಬರೂ ದಾರ್ಯಾಗ ಎರಡು ಸಲ ಕೂಡತಿದ್ದ. ಒಂದು ದಿವಸ ನನ್ನ ಕೈ ಹಿಡದು ತನ್ನ ಎದಿ ಮ್ಯಾಲ ಇಟಗೊಂಡು, "ನೋಡ್ರಿ ಮಾಸ್ತರ್ರ, ಹ್ಯಾಂಗ ಹಾರತೈತಿ" ಅಂದ. ನಾ ಕೈ ಇಟ್ಟು ನೋಡಿದೆ. ಅದು ಎತ್ತಿನ ಎದಿ, ಧಡಧಡ ಅಂತ ಸರಿಯಾಗಿ ಬಡೀತಿತ್ತು. ನನ್ನದ ಹಾರತಿತ್ತು. ಹುರಿಗಟ್ಟಿದ ಆ ಮೈ ನನ್ನ ಕಣ್ಣಮುಂದ ಸಡಿಲ ಆತು. ಇಪ್ಪತ್ತು ವರ್ಷದ ಹುಡುಗ ಮುದುಕರ ಸಾಲಿನಾಗ ಕೂತು ಬಿಸಲ ಕಾಯಿಸಿಕೊಳ್ಳಲಿಕ್ಕೆ ಸುರು ಮಾಡಿದ. ಸುದ್ದಿ ಸುಮ್ಮನಿರತದೇನ್ರಿ? ಸವದತ್ತಿ ದಾಟಿ ಸಾಲಹಳ್ಳಿಗೆ ಹೋತು. ಮಲ್ಲಪ್ಪನಿಂದ ಅಕ್ಕಗ ಹೇಳಿಕಿ ಬಂತು: ಎದಿ ಸೋತ ಹುಡುಗಗ ಮಗಳನ್ನ ಕೊಟ್ಟು ನಾ ಏನು ಮಾಡಲಿ, ಸಿಟ್ಟು ಮಾಡಿಕೋಬ್ಯಾಡ ಅಕ್ಕಾ, ಬ್ಯಾರೆ ಕಡೆ ನೋಡತೇವಿ.

ಮರುದಿವಸ ನೀಲವ್ವ ಒಬ್ಬಾಕಿನ ನಮ್ಮ ಮನಿಗೆ ಬಂದ್ಲು. ಆಕಿ ಅಳೂದು ನೋಡಿ ನನಗ ತಡಕೊಳ್ಳಲಿಕ್ಕೆ ಆಗಲಿಲ್ಲ. ಇದ್ದದ್ದು ಹೇಳಿಬಿಟ್ಟೆ. ಆಕಿ ಅಳೂದು ನಿಂದ್ರಿಸಿ ನನ್ನ ನೋಡಿದ್ಲು.

"ಹಂಗಾರ ನನ್ನ ಮಗಗ ಏನೂ ಆಗಿಲ್ಲೇನ್ರಿ?"

"ಏನೂ ಆಗಿಲ್ಲ ನೀಲವ್ವಾ. ಬರೇ ನಾರು. ಆದ್ರ ಈಗ ಖರೇ ಹೇಳಿದ್ರ ಮದಿವಿ ಆಗತದ, ಅವ ಫೌಜಿಗೂ ಹೋಗತಾನ. ಚೀಟ್ಯಾಗಿನ ಎರಡು ತಿಂಗಳ ಅವಧಿ ಆಗಿ ಹೋಗೇದ. ನೀನ ಹೇಳು, ಏನು ಮಾಡಲಿ?"

ಉಪದೇಶ ಮಾಡೂ ನಾನು ಓದು ಬರಹ ಇಲ್ಲದ ಆಕಿನ್ನ ಸಲಹಾ ಕೇಳಲಿಕ್ಕೆ ಹತ್ತಿದ್ದೆ. ಆಕಿ ಸೆರಗಿನಿಂದ ಮಾರಿ ಒರಸಿಕೊಂಡ್ಲು. "ಹೋದ್ರ ಹೋಗ್ಲಿರಿ. ದಿನಾ ಮುಂಜಾನೆ ಎದಿ ಹಿಡಕೊಂಡ ಏಳತಾನ, ಸಂಜಿಗಿ ಎದಿ ಹಿಡಕೊಂಡ ಮಲಗತಾನ. ಇವನ್ನ ಹಿಂಗ ನೋಡಕೋತ ಎಷ್ಟ ದಿನಾ ಇರ್ಲಿ? ಖರೇ ಹೇಳ್ರಿ. ನಮ್ಮ ತಮ್ಮನ ಮುಂದನ ಹೇಳ್ರಿ" ಅಂದ್ಲು.

ಹಿಂಗಾಗಿ ಚಕ್ಕಡಿ ಕಟ್ಟಿಕೊಂಡು ಮೂವರೂ ಹೊಂಟ್ವಿ. ಬೈಲಹೊಂಗಲ ದಾಟಿ, ಸವದತ್ತ್ಯಾಗ ವಸ್ತಿ ಮಾಡಿ, ಮರುದಿವಸ ರಾಮದುರ್ಗದ ಹಾದಿ ಹಿಡದ್ವಿ. ಫಕೀರಪ್ಪಗ ನಾವು ಏನೂ ಹೇಳಿರಲಿಲ್ಲ, ಮಾವನ್ನ ಒಲಿಸಲಿಕ್ಕೆ ಹೊಂಟೇವಿ ಅಂತ ಅಷ್ಟ ತಿಳದಿದ್ದ. ದಾರಿ ಉದ್ದಕ್ಕೂ ಚಕ್ಕಡಿ ಜಿಗದಾಗೆಲ್ಲಾ ಎದಿ ಹಿಡಕೋತಿದ್ದ. ನಾ ಅವನ ಕಡೆ ನೋಡದನ ಕೂತಿದ್ದೆ. ನನ್ನ ಅಂಗಿ ಬೊಕ್ಕಣದಾಗ ಆ ಚೀಟಿ ಇತ್ತು.

ಮಲ್ಲಪ್ಪ ದೊಡ್ಡ ಮನಷ್ಯಾ, ಮರ್ಯಾದಿ ಬಿಡಲಿಲ್ಲ. ಕಾಲಿಗೆ ನೀರು ಕೊಟ್ಟ, ರೊಟ್ಟಿ ಊಟ ಹಾಕಿದ, ಆಮ್ಯಾಲ ಊರ ಹಿರ್‍ಯಾರ ನಾಲ್ಕೈದು ಮಂದಿನ್ನ ಕರಕೊಂಡು ಬಂದು ಕಟ್ಟಿ ಮ್ಯಾಲ ಕುಂದ್ರಿಸಿದ. "ಮಾಸ್ತರ್ರ, ಚೀಟಿ ಓದಿದವ್ರು ನೀವ ಅಂತ. ನಿಮ್ಮ ಬಾಯಿಲೇನ ಹಿರ್‍ಯಾರ ಮುಂದ ಮತ್ತೊಮ್ಮೆ ಓದ್ರಿ. ಆಮ್ಯಾಲ ನನ್ನ ಬೇಕಾದ್ದ ಅನ್ರಿ" ಅಂದ. ನಾ ಚೀಟಿ ಬಿಚ್ಚಿದೆ. ಭಾಷಣದ ದಿವಸಕ್ಕಿಂತ ಹೆಚ್ಚು ಬೆವತೆ.

"ಎಡಗಾಲ ಹರಡಿಗೆ ನಾರು ಆಗೇದ. ಎರಡು ತಿಂಗಳು ಬಿಟ್ಟು ಬರಬೇಕು. ಇಷ್ಟ ಬರದದ. ಎದಿ ಮಾತು ಇದರಾಗ ಇಲ್ಲ. ಅದು ನಾ ಹೇಳಿದ ಸುಳ್ಳು."

ಮಲ್ಲಪ್ಪ ಮುಂದಕ್ಕ ಬಗ್ಗಿ, "ನಾರು?" ಅಂದ. "ನಾರು" ಅಂದೆ. "ಬರೇ ನಾರ?" "ಬರೇ ನಾರು." ಮಲ್ಲಪ್ಪ ಎದ್ದು ನಿಂತು ಧೋತರ ಮ್ಯಾಲೆತ್ತಿದ. ಮೊಣಕಾಲ ಕೆಳಗ ಮೂರು ಹಳೇ ಗಾಯದ ಕಲಿ ಇದ್ವು. "ಇದ ನೋಡ್ರಿ ಒಂದು, ಇದು ಎರಡು, ಇದು ನನ್ನ ಮದಿವ್ಯಾಗ ಎದ್ದಿದ್ದು, ಕಡ್ಡಿ ಕಟಗೊಂಡ ಅಕ್ಕಿಕಾಳ ಹಾಕಿಸಿಕೊಂಡೇನಿ!" ಅಂದ. ಹಿರ್‍ಯಾರಿಗೆ ತಡೀಲಿಲ್ಲ. ಒಬ್ಬ ಹಿಮ್ಮಡ ತೋರಿಸಿದ, ಒಬ್ಬ ತೊಡಿ ತೋರಿಸಿದ, ಎಲ್ಲಾರಕಿಂತ ಮುದುಕ ಅಂಗಿ ಎತ್ತಿ ಬೆನ್ನು ತೋರಿಸಿ, "ನಂದು ಇಲ್ಲಿ ಬಂದಿತ್ತರೆಪಾ, ಹ್ಯಾಂಗ ಸುತ್ತಕೋಬೇಕು ಹೇಳ್ರಿ!" ಅಂದ. ಕಟ್ಟಿ ತುಂಬ ಕಾಲೇ ಕಾಲು. "ನಮ್ಮ ಬಾಂವಿ ನೀರ ಕುಡದ ನಾರ ಏಳದಾಂವ ಯಾಂವ ಅದಾನ? ಅಳಿಯಾಗ ನಮ್ಮೂರ ನೀರ ಹತ್ತೈತಿ, ಅಷ್ಟ!" ಅಂತ ಮಲ್ಲಪ್ಪ ನಕ್ಕೋತ ಅಕ್ಕನ ಕಾಲು ಮುಟ್ಟಿದ. ಒಳಗಿಂದ ಸಕ್ಕರಿ ಬಂತು. ಬಾಗಲ ಮರಿಗೆ ಬಳಿ ಸಪ್ಪಳ ಆತು. ನಾನೂ ನಕ್ಕೆ. ಎಷ್ಟು ತಿಂಗಳ ಮ್ಯಾಲ ಹೊಟ್ಟಿ ತುಂಬ ನಕ್ಕೆ.

ನಕ್ಕು ಕಣ್ಣು ಒರಸಿಕೊಂಡು ನೋಡತೇನಿ, ಫಕೀರಪ್ಪ ಕಟ್ಟಿ ಮ್ಯಾಲ ಇಲ್ಲ.

ಊರ ಹೊರಗಿನ ಬಾವಿ ಪಾವಟಿಗಿ ಮ್ಯಾಲ ಕೂತಿದ್ದ. ನಾ ಹೋಗಿ ಒಂದು ಪಾವಟಿಗಿ ಮ್ಯಾಲ ಕೂತೆ. ಅವ ಎದಿ ಹಿಡಕೊಂಡಿರಲಿಲ್ಲ.

"ಎರಡ ತಿಂಗಳ ಅಂತ ಬರದಿತ್ತೇನ್ರಿ?"

"ಹೌದಪಾ."

"ಈಗ ನಾಕಾತು." ಒಂದು ಹಳ್ಳ ತಗದು ನೀರಿಗೆ ಒಗದ. "ನನಗ ಫೌಜಿಗಿ ಹೋಗೂ ಮನಸ ಎಂದೂ ಇದ್ದಿದ್ದಿಲ್ರಿ ಮಾಸ್ತರ್ರ."

"ಮತ್ತ ಯಾಕ ಎದ್ದು ನಿಂತಿ?"

"ಮಂದಿ ನಗಾಕ ಹತ್ತಿದ್ರು. ಕಾರಕೂನ ನಿಮ್ಮನ್ನ ನೋಡಾಕ ಹತ್ತಿದ್ದ. ನಿಮ್ಮ ಮಾರಿ ನೋಡಾಕ ಆಗ್ಲಿಲ್ಲ ನನಗ. ಒಬ್ಬಾಂವರ ಎದ್ರ ಮಾಸ್ತರ ಮರ್ಯಾದಿ ಉಳೀತೈತಿ ಅಂತ ಎದ್ದೆ."

ನನ್ನ ಭಾಷಣಕ್ಕ ಎದ್ದಾನ ಅಂತ ಎದಿ ಉಬ್ಬಿಸಿಕೊಂಡು ಅಡ್ಡಾಡಿದ್ದೆ. ನನ್ನ ಮ್ಯಾಲಿನ ಕನಿಕರಕ್ಕ ಅವ ಎದ್ದಿದ್ದ. ಅವನ ತಾಯಿ ಮ್ಯಾಲಿನ ಕನಿಕರಕ್ಕ ನಾ ಸುಳ್ಳು ಓದಿದ್ದೆ. ಅವತ್ತ ಸಾಲಿ ಕಟ್ಟಿ ಮ್ಯಾಲ ಎದುರಾಬದುರ ಕೂತಾಗ ಒಬ್ಬರಿಗೊಬ್ಬರು ಒಂದು ಮಾತು ಕೇಳಿದ್ರ ಸಾಕಾಗಿತ್ತು. ನಾ ತಪ್ಪಾತಪಾ ಅಂದೆ, ಹೋಗಬ್ಯಾಡ ಅಂದೆ. ಅದು ನಾ ಅವನಿಗೆ ಕೊಟ್ಟ ಮೊದಲನೇ ಖರೇ ಸಲಹಾ.

"ಹೋಗಬ್ಯಾಡ ಅಂತ ಈಗ ಅಂತೀರಿ. ನಾ ಎದ್ದೆ ಅಂತ ಬಾಳ್ಯಾ ಎದ್ದ. ಅಂವಗ ನಾರ ಏಳಲಿಲ್ಲ. ಹಡಗ ಹತ್ತಿ ಹೋದ." ಫಕೀರಪ್ಪ ನನ್ನ ಕಡೆ ತಿರುಗಿದ. "ಅವನ ಚೀಟಿ ಸುಳ್ಳ ಓದಾಕ ಯಾರ ಇದ್ರು ಹೇಳ್ರಿ, ಮಾಸ್ತರ್ರ?"

ಖರೇ ಹೇಳಬೇಕಂದ್ರ, ಬಾಳಪ್ಪನ ಅಪ್ಪಗ ಮೂವರು ಗಂಡಮಕ್ಕಳು, ಒಬ್ಬ ಹೋದ್ರ ಇಬ್ಬರು ಇರತಾರ ಅಂತ ನಾ ಮನಸಿನಾಗ ಸಮಾಧಾನ ಮಾಡಿಕೊಂಡಿದ್ದೆ. ಅದನ್ನ ಆ ಬಾವಿ ಪಾವಟಿಗಿ ಮ್ಯಾಲ ಕೂತು ಹೇಳಲಿಕ್ಕೆ ನನಗ ಧೈರ್ಯ ಆಗಲಿಲ್ಲ.

ಅದ ವಾರ ಅವ ಒಬ್ಬನ ಬೆಳಗಾವಿಗೆ ಹೋದ. ನೀಲವ್ವ ತಡೀಲಿಲ್ಲ, ಬುತ್ತಿ ಕಟ್ಟಿ ಕೊಟ್ಲು. ಆ ಐದು ದಿವಸ ನಾ ಸಾಲ್ಯಾಗ ಏನು ಕಲಿಸಿದೆ ಅಂತ ದೇವರಿಗೆ ಗೊತ್ತು. ಆರನೇ ದಿವಸ ಫಕೀರಪ್ಪ ಬಂದು ಸಾಲಿ ಕಟ್ಟಿ ಮುಂದ ನಿಂತ. ನಾರು ಹೊರಗ ಬಂದ್ರೂ ಹರಡಿನ ಕೀಲು ಬಿಗದುಬಿಟ್ಟಿತ್ತು, ಪಾದ ಪೂರಾ ಮಡಚಲಿಕ್ಕೆ ಬರತಿದ್ದಿಲ್ಲ. ಇಷ್ಟು ದಿವಸ ಎದಿ ಚಿಂತ್ಯಾಗ ನಾವ್ಯಾರೂ ಅದನ್ನ ನೋಡಿರಲಿಲ್ಲ. ಡಾಕ್ಟರು ಓಡಿಸಿ ನೋಡಿ ಮತ್ತೊಂದು ಚೀಟಿ ಕೊಟ್ಟಿದ್ರು. ಅದನ್ನ ನನ್ನ ಮುಂದ ಹಿಡದ.

"ಕ್ಯಾಂಪಿನ್ಯಾಗ ಮೂರ ಮಂದಿ ಕಡೆ ಓದಿಸಿಕೊಂಡ ಬಂದೇನಿ. ಈಗ ನೀವ ಓದ್ರಿ" ಅಂದ.

ಕಾಲಿನ ಕೀಲು ಬಿಗದದ, ಇನ್ನ ಮುಂದ ಫೌಜಿಗೆ ತಗೊಳ್ಳಲಿಕ್ಕೆ ಬರೂದಿಲ್ಲ ಅಂತ ಇತ್ತು. ಅಕ್ಷರ ಬಿಡದಂಗ ಓದಿದೆ. ಅವ ತಲಿ ಅಲ್ಲಾಡಿಸಿ, ಚೀಟಿ ಇಸಗೊಂಡು ತಾನ ಬೊಕ್ಕಣದಾಗ ಇಟಗೊಂಡ. ಅಂಥಾ ಪರೀಕ್ಷಾ ನಾ ಟ್ರೇನಿಂಗ್ ಕಾಲೇಜಿನಾಗೂ ಕೊಟ್ಟಿರಲಿಲ್ಲ. ಮುಂದಿನ ತಿಂಗಳ ಮದಿವಿ ಆತು. ಫಕೀರಪ್ಪ ಮತ್ತ ಗರಡಿಗೆ ಹೋಗಲಿಕ್ಕೆ ಹತ್ತಿದ. ಕುಸ್ತಿ ಹಿಡಿಯಲಿಕ್ಕೆ ಕಾಲು ನಡೀಲಿಲ್ಲ, ಹುಡುಗರಿಗೆ ಪಟ್ಟು ಹೇಳಿಕೊಡತಿದ್ದ.

ಬಾಳಪ್ಪನ ಕಾಗದಾ ಬಂದದ್ದು ಮರುವರ್ಷ. ಅವನ ಅಪ್ಪ ಅದನ್ನ ಎರಡೂ ಕೈಯಾಗ ಹಿಡಕೊಂಡು ನನ್ನ ಕಡೆ ಬಂದ. ಹಾದ್ಯಾಗ ನೋಡಿದ ಫಕೀರಪ್ಪ ಹೊಲಕ್ಕ ಹೊಂಟಾಂವ ತಿರುಗಿ ಅವನ ಜೋಡಿ ಬಂದಿದ್ದ. ಸರಕಾರದ ಇಂಗ್ಲಿಷ್ ಕಾಗದಾ. ನಾ ಮನಸಿನಾಗ ಓದಿದೆ. ಮುದುಕ ಮೊಣಕಾಲ ಮ್ಯಾಲ ಕೈ ಇಟಗೊಂಡು ನನ್ನ ಬಾಯಿನ ನೋಡಲಿಕ್ಕೆ ಹತ್ತಿದ್ದ. ನನ್ನ ನಾಲಗಿ ಮತ್ತ ತಿರುಗಲಿಕ್ಕೆ ನೋಡೀತು. ಮೈಯಾಗ ಆರಾಮ ಇಲ್ಲಂತ, ದವಾಖಾನ್ಯಾಗ ಅದಾನಂತ, ಇಷ್ಟು ಹೇಳಿದ್ರ ಇನ್ನೂ ನಾಲ್ಕು ತಿಂಗಳು ಈ ಮುದುಕ ಸುಖದಿಂದ ಊಟ ಮಾಡತಾನ. ನನ್ನ ತುಟಿ ಅಲ್ಲಾಡಿದ್ದು ಫಕೀರಪ್ಪಗ ಕಂಡಿರಬೇಕು.

"ಮಾಸ್ತರ್ರ," ಅಂದ ಮೆತ್ತಗ. "ಇದ್ದಂಗ ಓದ್ರಿ."

ಓದಿದೆ. ಬಾಳಪ್ಪ ಬಸ್ರಾ ಊರಾಗ ಜ್ವರಾ ಬಂದು ತೀರಿಕೊಂಡಾನ.

ಮುದುಕ ಕಾಗದಾ ತಿರುಗಿ ಇಸಗೊಂಡು ಕೇಳಿದ, "ಜ್ವರಾ ಏನ್ರಿ? ಗುಂಡ ಅಲ್ಲೇನ್ರಿ?"

"ಅಲ್ಲರಿ ಯಜಮಾನ್ರ. ಜ್ವರಾ."

"ಜ್ವರಾ ಇಲ್ಲೇ ಬರತಿತ್ತಲ್ರಿ" ಅಂದ. ಫಕೀರಪ್ಪ ಅವನ ರಟ್ಟಿ ಹಿಡದು ಎಬ್ಬಿಸಿ ಮನೀಗೆ ಕರಕೊಂಡು ಹೋದ. ಇನ್ನಿಬ್ಬರು ಮಕ್ಕಳು ಮನ್ಯಾಗ ಇದ್ರೂ, ಮುದುಕ ಇರೂ ತನಕಾ ಬಾಳಪ್ಪನ ಪಾಲಿನ ಹೊಲಾ ಉತ್ತಾಂವ, ಬಿತ್ತಿದಾಂವ ಫಕೀರಪ್ಪನ.

ಫಕೀರಪ್ಪಗ ಈಗ ಅರವತ್ತು ದಾಟೇದ. ಬೈಲಹೊಂಗಲದ ಸಂತಿಗೆ ಬಂದಾಗ ಕುಂಟಕೋತ ನಮ್ಮ ಮನೀಗೆ ಬರತಾನ, ನೀರು ಕುಡೀತಾನ, ನನ್ನ ಆರಾಮ ಕೇಳತಾನ. ಈಗ ನನ್ನ ಕಡೆ ಸಲಹಾ ಕೇಳಲಿಕ್ಕೆ ಯಾರರ ಬಂದ್ರ ನಾ ಮೊದಲ ಅವರನ್ನ ಕೇಳತೇನಿ, ನಿನ್ನ ಮನಸಿನಾಗ ಏನದ ಹೇಳಪಾ ಅಂತ. ಅರ್ಧಾ ಮಂದಿ ಅದನ್ನ ಹೇಳಿ ಮುಗಿಸಿ, ಹಗರ ಆಗಿ, ನನ್ನ ಮಾತು ಕೇಳದನ ಎದ್ದು ಹೋಗತಾರ. ನನಗ ಸ್ವಲ್ಪ ಬ್ಯಾಸರಾನೂ ಆಗತದ, ಸುಳ್ಳು ಯಾಕ ಹೇಳಲಿ.

ಇವತ್ತ ಸಂತಿ ದಿವಸ. ಮಧ್ಯಾಹ್ನ ಅವ ಬಂದಾಗ ಕೇಳೇಬಿಟ್ಟೆ, "ಫಕೀರಪ್ಪಾ, ನನ್ನ ಮ್ಯಾಲ ನಿನ್ನ ಸಿಟ್ಟು ಹೋತೇನೋ?"

ಅವ ತಂಬಿಗಿ ಕೆಳಗಿಟ್ಟ. "ನಂದೇನ ಐತ್ರಿ. ನಾ ಮೊಮ್ಮಕ್ಕಳ ಕಂಡೇನಿ. ಬಾಳ್ಯಾಂದ ಮಾತ್ರ ಐತಿ, ಸ್ವಲ್ಪ. ನಿಮ್ಮ ಮ್ಯಾಲೂ ಐತಿ, ನನ್ನ ಮ್ಯಾಲೂ ಐತಿ. ಇರಲಿ ಬಿಡ್ರಿ" ಅಂದ.

ಇದನ್ನೆಲ್ಲಾ ಬರಿಯಬೇಕಂತ ಮಾಡೇನಿ, ನಿನ್ನ ಪರವಾನಿಗಿ ಬೇಕು ಅಂದೆ. ಅವ ವಿಚಾರ ಮಾಡಿದ. "ಬರೀರಿ. ನನ್ನ ಹೆಸರ ಬ್ಯಾಡ್ರಿ, ನಮ್ಮವ್ವಂದೂ ಬ್ಯಾಡ, ಮಾವಂದೂ ಬ್ಯಾಡ. ಬಾಳ್ಯಾನ ಹೆಸರ ಮಾತ್ರ ಬರೀರಿ. ಅವಂದ ಎಲ್ಲೂ ಬರದಿಲ್ಲ."

ಅವ ಹೋದ ಮ್ಯಾಲ ಕೂತು ಹಂಗ ಮಾಡೇನಿ. ಫಕೀರಪ್ಪ ಅನ್ನೂದು ನಾ ಇಟ್ಟ ಹೆಸರು, ನೀಲವ್ವ, ಮಲ್ಲಪ್ಪ ಅನ್ನೂವೂ ನಾ ಇಟ್ಟವ. ಬಾಳಪ್ಪ ಮಾತ್ರ ಬಾಳಪ್ಪನ.